ಹದಿನೇಳು ಬೂದಿ ಅಂಗಿಗಳು

ಕುರ್ಚಿಯಕ್ಕನಿಗೆ ಕೆಲಸದ ಹೊತ್ತಿನಲ್ಲಿ ಆಡಲು ಇದ್ದದ್ದು ಮೂರೇ ಮಾತು. ‘ಮುಟ್ಟಬೇಡಿ’, ‘ಫ್ಲ್ಯಾಶ್ ಹಾಕಬೇಡಿ’, ‘ಶೌಚಾಲಯ ಎಡಗಡೆ’. ಊರಿನ ವಸ್ತುಸಂಗ್ರಹಾಲಯದ ಮೂರನೆಯ ಕೋಣೆಯಲ್ಲಿ, ಬಾಗಿಲ ಪಕ್ಕದ ಮರದ ಕುರ್ಚಿಯ ಮೇಲೆ ಕೂತು, ಹನ್ನೊಂದು ವರ್ಷ ಅವಳು ಈ ಮೂರು ಮಾತಿನಲ್ಲೇ ಸುಧಾರಿಸಿದ್ದಳು. ಅದಕ್ಕೇ ಜೊತೆಯವರು ಅವಳಿಗೆ ಕುರ್ಚಿಯಕ್ಕ ಎಂದು ಹೆಸರಿಟ್ಟದ್ದು. ನಾಲ್ಕನೆಯ ಮಾತು ಆಡಬಾರದೆಂದು ನಿಯಮವೇ ಇತ್ತು. ಕಾವಲಿನವರು ಕಾಯಬೇಕು, ವಿವರ ಹೇಳುವುದಕ್ಕೆ ಗೋಡೆಯ ಮೇಲೆ ಫಲಕಗಳಿವೆ. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮನೆಯಲ್ಲಿ ಮಾತಿಗೆ ಬರವಿರಲಿಲ್ಲವಲ್ಲ. ಗಂಡ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ‘ಚಾಲಕರೊಡನೆ ಮಾತನಾಡಬೇಡಿ’ ಎಂಬ ಬರಹದ ಕೆಳಗೆ ಕೂತು ನುಂಗಿಕೊಂಡದ್ದನ್ನೆಲ್ಲ ಈಗ ಬಡ್ಡಿಸಮೇತ ಹೊರಹಾಕುತ್ತಿದ್ದ.

ಆ ವರ್ಷ ಮೂರನೆಯ ಕೋಣೆಗೆ ಹೊಸ ಪ್ರದರ್ಶನ ಬಂತು. ಮುಖ್ಯ ಬೀದಿಯಲ್ಲಿ ಹಿಂದೆ ಒಂದು ಫೋಟೊ ಸ್ಟುಡಿಯೊ ಇತ್ತು. ಮಾಲೀಕ ತೀರಿಕೊಂಡು ಎಷ್ಟೋ ಕಾಲವಾಗಿ, ಕಟ್ಟಡವನ್ನು ಕೆಡವುವಾಗ ಅಟ್ಟದ ಮೇಲೆ ಹನ್ನೆರಡು ತಗಡಿನ ಪೆಟ್ಟಿಗೆಗಳು ಸಿಕ್ಕಿದ್ದವು. ಮಗ ಅವನ್ನು ಹಾಗೆಯೇ ತಂದು ಸಂಗ್ರಹಾಲಯಕ್ಕೆ ಒಪ್ಪಿಸಿದ. ಒಳಗೆ ಇದ್ದದ್ದು ಗಿರಾಕಿಗಳು ಒಯ್ಯದೆ ಬಿಟ್ಟ ಫೋಟೊಗಳು, ಎರಡನೆಯ ಪ್ರತಿಗಳು. ಎಲ್ಲವೂ ಕಪ್ಪುಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ಹಚ್ಚಿದಂಥವು. ಬಣ್ಣದ ಫಿಲ್ಮು ಬರುವ ಮೊದಲು ಹಾಗೆ ಮಾಡುತ್ತಿದ್ದರು. ಹೊಸದಾಗಿ ಬಂದಿದ್ದ ಅಧಿಕಾರಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ನಡಿಗೆಯೂ ಚುರುಕು ತಲೆಯೂ ಚುರುಕು. ಎಂಟು ತಿಂಗಳು ಆ ಪೆಟ್ಟಿಗೆಗಳ ಮುಂದೆ ಕೂತು, ಎಂಬತ್ನಾಲ್ಕು ಫೋಟೊ ಆರಿಸಿ, ಚೌಕಟ್ಟು ಹಾಕಿಸಿ, ‘ನಮ್ಮ ಊರು ತೊಟ್ಟ ಬಣ್ಣಗಳು’ ಎಂದು ಹೆಸರಿಟ್ಟಳು. ಐವತ್ತು ಅರವತ್ತು ವರ್ಷದ ಹಿಂದೆ ಇಲ್ಲಿನ ಜನ ಎಂಥ ಬಟ್ಟೆ ಹಾಕುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ ಎಂಬುದು ಅವಳ ವಾದ. ಅದರ ಮೇಲೆ ಒಂದು ಪುಸ್ತಕವೂ ಅಚ್ಚಾಗಿತ್ತು. ಬಾಗಿಲ ಎದುರಿಗೆ ಸ್ಟುಡಿಯೊ ಮಾಲೀಕನ ಆಳೆತ್ತರದ ಚಿತ್ರ, ಅದರ ಕೆಳಗೆ ‘ಛಾಯಾಗ್ರಾಹಕ ಹಾಗೂ ವರ್ಣಕಲಾವಿದ’ ಎಂಬ ಸಾಲು.

ಎರಡನೆಯ ವಾರ ಒಬ್ಬ ಮುದುಕ ಬಂದ. ಮೂವತ್ತೊಂದನೆಯ ಫೋಟೊದ ಮುಂದೆ ನಿಂತವನು ಅಲ್ಲಿಂದ ಕದಲಲೇ ಇಲ್ಲ. ನೋಡುವುದು, ನಗುವುದು, ಮತ್ತೆ ನೋಡುವುದು. ಕೊನೆಗೆ ಕುರ್ಚಿಯ ಕಡೆ ತಿರುಗಿದ.

“ತಾಯಿ, ಇವನ್ಯಾರು ಗೊತ್ತಾ?”

ಗೊತ್ತಿಲ್ಲವೆಂದು ಕುರ್ಚಿಯಕ್ಕ ತಲೆಯಾಡಿಸಿದಳು.

“ನಾನೇ. ಹಲ್ಲಿದ್ದಾಗ.”

ಫೋಟೊದಲ್ಲಿ ಕಡುನೀಲಿ ಕೋಟು ತೊಟ್ಟ ಯುವಕ, ಎದೆ ಸೆಟೆಸಿ ನಿಂತಿದ್ದ. “ಕೋಟು ಚೆನ್ನಾಗಿದೆ” ಎಂದಳು ಅವಳು. ಬಾಯಿಂದ ಬಿದ್ದಮೇಲೆ ಇದು ನಾಲ್ಕನೆಯ ಮಾತಲ್ಲವೇ ಎಂದು ಹೊಳೆಯಿತು.

“ಕೋಟು ನಂದಲ್ಲ, ಸ್ಟುಡಿಯೊದ್ದು. ಗೂಟಕ್ಕೆ ನೇತುಹಾಕಿರ್ತಿದ್ರು. ಊರ ಗಂಡಸರೆಲ್ಲ ಅದನ್ನೇ ಹಾಕ್ಕೊಂಡು ಫೋಟೊ ತೆಗೆಸ್ಕೊಂಡಿದೀವಿ. ಕಂದು ಬಣ್ಣದ ಕೋಟು.”

“ಇಲ್ಲಿ ನೀಲಿ ಇದೆಯಲ್ಲ?”

“ನೀಲಿ ಬೇಕು ಅಂದೆ, ನೀಲಿ ಹಚ್ಚಿದಳು. ಅದಿರಲಿ, ಕಾಲು ನೋಡಿ. ಬೂಟು ಕಾಣ್ತಾ? ಅವತ್ತು ನನ್ನ ಕಾಲಲ್ಲಿ ಚಪ್ಪಲಿನೂ ಇರ್ಲಿಲ್ಲ. ಅಂಚೆ ಇಲಾಖೇಲಿ ಕೆಲಸಕ್ಕೆ ಸೇರಿದ ವಾರ ಅದು, ಬೂಟು ಇನ್ನೂ ಕೊಟ್ಟಿರ್ಲಿಲ್ಲ. ಬಣ್ಣದಕ್ಕ ನನ್ನ ಕಾಲು ನೋಡಿ, ‘ಬೂಟು ಬರೀತೀನಿ, ಲೇಸು ಬೇಕಾ ಬೇಡ್ವಾ’ ಅಂತ ಕೇಳಿದಳು. ನಾನು ಲೇಸು ಬೇಡಕ್ಕ, ಕಟ್ಟೋಕೆ ಬರಲ್ಲ ಅಂದೆ.”

ಕುರ್ಚಿಯಕ್ಕ ಎದ್ದು ಹೋಗಿ ಬಗ್ಗಿ ನೋಡಿದಳು. ಕರಿ ಬೂಟು, ಹೊಳಪಿನ ಗೆರೆ ಕೂಡ ಇದೆ. ಲೇಸಿಲ್ಲ.

“ಬಣ್ಣದಕ್ಕ ಅಂದ್ರೆ ಯಾರು?”

“ಸ್ಟುಡಿಯೊ ಹಿಂದಿನ ಕೋಣೇಲಿ ಕೂತಿರ್ತಿದ್ದಳು. ಬೆಂಕಿಕಡ್ಡಿಗೆ ಹತ್ತಿ ಸುತ್ಕೊಂಡು ಬಣ್ಣ ಹಚ್ಚೋಳು.” ಮುದುಕ ಬಾಗಿಲ ಎದುರಿನ ದೊಡ್ಡ ಚಿತ್ರಕ್ಕೆ ಗಲ್ಲ ತೋರಿಸಿದ. “ಇವರು ಫೋಟೊ ತೆಗೀತಿದ್ರು. ಬಣ್ಣ ಆಕೇದು. ಊರಿಗೇ ಗೊತ್ತಿದ್ದ ವಿಷಯ.”

ಸಂಜೆ ಗಂಡನಿಗೆ ಹೇಳಿದಳು. “ನಿಂಗ್ಯಾಕೆ ಊರ ಉಸಾಬರಿ? ಇರುವೆ ಬಿಟ್ಕೊಳ್ಳೋಕೆ ಹೊರಟಿದೀಯ” ಎಂದು ಅವನು ಅರ್ಧ ಗಂಟೆ ಬುದ್ಧಿ ಹೇಳಿದ. ಆದರೆ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ತಾನೇ ಒಂದು ನೋಟ್‌ಬುಕ್ಕು ತಂದು ಅವಳ ಚೀಲಕ್ಕೆ ಹಾಕಿದ. “ಯಾರು ಏನು ಹೇಳ್ತಾರೋ ಬರ್ಕೋ. ಬಾಯಲ್ಲಿ ಹೇಳಿದ್ರೆ ಕಟ್ಟೆ ಪುರಾಣ ಅಂತಾರೆ. ಬರೆದಿದ್ರೆ ದಾಖಲೆ.”

ಪ್ರದರ್ಶನದ ಕೋಣೆಯೊಳಗೆ ಪೆನ್ನು ಬಳಸುವಂತಿಲ್ಲ, ಶಾಯಿ ಚೆಲ್ಲಿದರೆ ಕಷ್ಟ. ಅವಳು ಪೆನ್ಸಿಲಿನಲ್ಲಿ ಬರೆದಳು. ಫೋಟೊದ ಸಂಖ್ಯೆ, ಬಂದವರ ಮಾತು, ಅಷ್ಟೇ. ಕೇಳಲು ಹೋಗುತ್ತಿರಲಿಲ್ಲ, ಫೋಟೊದ ಮುಂದೆ ಯಾರಾದರೂ ಹೊತ್ತುಹೋಗುವಷ್ಟು ನಿಂತರೆ ಹತ್ತಿರ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಪಕ್ಕದಲ್ಲೊಬ್ಬರು ಸುಮ್ಮನೆ ನಿಂತರೆ ಸಾಕು, ಜನ ತಾವಾಗಿ ಬಾಯಿ ಬಿಡುತ್ತಾರೆ. ಒಬ್ಬ ನರ್ಸು ತನ್ನ ತಾಯಿಯ ಚಿತ್ರ ನೋಡಿ, ಕೈಯಲ್ಲಿರುವ ಗಡಿಯಾರ ಸುಳ್ಳು ಎಂದಳು. ಅಂಗಡಿಯವನೊಬ್ಬ ತನ್ನ ಅಣ್ಣನ ಬೋಳುತಲೆಗೆ ಕೂದಲು ಬಂದದ್ದನ್ನು ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕವನೇ ಕಣ್ಣೊರೆಸಿಕೊಂಡ, ಅಣ್ಣ ಹೋಗಿ ಎರಡು ವರ್ಷವಾಗಿತ್ತು. ಎಲ್ಲರ ಮಾತೂ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿತ್ತು: ಬಣ್ಣದಕ್ಕ ಕೇಳಿದಳು, ನಾವು ಹೇಳಿದೆವು, ಹಾಗೇ ಹಚ್ಚಿದಳು.

ಗೋಡೆಯ ನಟ್ಟನಡುವೆ ಇದ್ದದ್ದು ಪ್ರದರ್ಶನದ ದೊಡ್ಡ ಫೋಟೊ. ನೂಲಿನ ಗಿರಣಿಯ ಗೇಟಿನ ಮುಂದೆ ಹದಿನೇಳು ಹೆಂಗಸರು, ಎರಡು ಸಾಲಾಗಿ. ಒಬ್ಬೊಬ್ಬರ ಅಂಗಿ ಒಂದೊಂದು ಬಣ್ಣ. ಕೆಳಗಿನ ಫಲಕದಲ್ಲಿ, ‘ಗಿರಣಿಯಲ್ಲಿ ಆಗ ಸಮವಸ್ತ್ರದ ಪದ್ಧತಿ ಇರಲಿಲ್ಲವೆಂಬುದು ಈ ಚಿತ್ರದಿಂದ ಸ್ಪಷ್ಟವಾಗುತ್ತದೆ’ ಎಂದು ಅಧಿಕಾರಿ ಬರೆದಿದ್ದಳು. ಒಂದು ಶುಕ್ರವಾರ ಊರುಗೋಲು ಹಿಡಿದ ಒಬ್ಬ ಅಜ್ಜಿ ಬಂದು ಆ ಫಲಕವನ್ನು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. ಓದಿ ಮುಗಿಸುವಷ್ಟರಲ್ಲಿ ಮುಖ ಕೆಂಪಾಗಿತ್ತು.

“ಯಾರಮ್ಮ ಇದನ್ನ ಬರೆದೋರು? ಸಮವಸ್ತ್ರ ಇರ್ಲಿಲ್ವಂತೆ! ಅದಿಲ್ದೆ ಹೋದ್ರೆ ಗೇಟಿನ ಒಳಗೇ ಬಿಡ್ತಿರ್ಲಿಲ್ಲ. ಹದಿನೇಳು ಜನಕ್ಕೂ ಒಂದೇ ಬೂದಿ ಅಂಗಿ. ಒಗೆದೂ ಒಗೆದೂ ಸತ್ತ ಇಲಿ ಬಣ್ಣಕ್ಕೆ ತಿರುಗಿತ್ತು.”

“ಇದರಲ್ಲಿ ನೀವಿದೀರಾ ಅಜ್ಜಿ?”

“ಎರಡನೇ ಸಾಲು, ಎಡದಿಂದ ನಾಲ್ಕು. ಹಳದಿ.” ಅಜ್ಜಿಯ ಸಿಟ್ಟು ಅರ್ಧ ಇಳಿಯಿತು. “ಫೋಟೊ ತೆಗೆದ ಮಾರನೇ ದಿನ ಊಟದ ಬಿಡುವಲ್ಲಿ ಬಣ್ಣದಕ್ಕ ಗೇಟಿನ ಹತ್ರ ಬಂದು ಕೂತಳು. ಒಬ್ಬೊಬ್ಬರನ್ನೇ ಕರೆದು, ‘ಏನಿತ್ತು, ಏನು ಬೇಕಿತ್ತು’ ಅಂತ ಎರಡು ಸಲ ಕೇಳಿದಳು. ಇತ್ತು ಅನ್ನೋದಕ್ಕೆ ಎಲ್ಲರೂ ಬೂದಿ ಅಂದ್ವಿ. ಬೇಕಿತ್ತು ಅನ್ನೋದಕ್ಕೆ ನಾನು ಹಳದಿ ಅಂದೆ. ಹುಟ್ಟಿದಾಗಿಂದ ಹಳದಿ ಹಾಕಿರ್ಲಿಲ್ಲ. ಕರ್ರಗಿದೀಯ, ಒಪ್ಪಲ್ಲ ಅಂತ ಅಮ್ಮ ತರ್ತಾನೇ ಇರ್ಲಿಲ್ಲ.” ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. “ಒಪ್ಪತ್ತೆ, ನೋಡಿ.”

ಮುಟ್ಟಬೇಡಿ ಎಂದು ಹೇಳುವುದನ್ನು ಕುರ್ಚಿಯಕ್ಕ ಮರೆತಳು. “ಕೊನೇಲಿ ನಿಂತಿರೋರದ್ದು ಮಾತ್ರ ಬೂದಿನೇ ಇದೆಯಲ್ಲ ಅಜ್ಜಿ?”

“ಅಯ್ಯೋ, ಅವಳಾ? ಬಲೇ ಘಾಟಿ. ನಂಗೆ ಬೂದಿನೇ ಇರಲಿ ಅಂದಳು. ಯಾಕೇ ಅಂತ ಕೇಳಿದ್ರೆ, ‘ನೀವು ಹದಿನಾರು ಜನ ಗಿಳಿ ಥರ ನಿಂತ್ಕೊಳ್ಳಿ, ಆಗ ನೋಡೋರ ಕಣ್ಣು ನನ್ನ ಮೇಲೇ ಬೀಳತ್ತೆ’ ಅಂದಳು. ಬಿತ್ತಲ್ಲ ಈಗ, ನಿಮ್ಮ ಕಣ್ಣು?”

ಅಂದು ಸಂಜೆ ಕುರ್ಚಿಯಕ್ಕ ಮನೆಗೆ ಹೊರಡಲಿಲ್ಲ. ನೋಟ್‌ಬುಕ್ಕು ಹಿಡಿದು ಅಧಿಕಾರಿಯ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ಹಿಂದೆ ಮುಂದೆ ನೋಡಿದಳು. ನಿಯಮ ಮುರಿದದ್ದು ಒಂದು, ಮೇಲಿನವರ ತಪ್ಪು ಎತ್ತಿ ಆಡುವುದು ಇನ್ನೊಂದು. ಆದರೆ ಫಲಕದಲ್ಲಿ ಸುಳ್ಳು ಇರುವಾಗ ಅದರ ಪಕ್ಕದಲ್ಲೇ ದಿನವಿಡೀ ಕೂರುವುದು ಅವಳಿಂದಾಗದು. ಒಳಗೆ ಹೋಗಿ ಎಲ್ಲ ಹೇಳಿದಳು.

ಅಧಿಕಾರಿ ಸಿಟ್ಟಾಗಲಿಲ್ಲ, ಹಾಗೆಂದು ಒಪ್ಪಲೂ ಇಲ್ಲ. “ಅಕ್ಕಾ, ಐವತ್ತು ವರ್ಷದ ಹಿಂದಿನ ನೆನಪು. ಒಬ್ಬರು ಅಂದದ್ದನ್ನ ಇನ್ನೊಬ್ಬರು ಕೇಳಿ, ಎಲ್ಲರೂ ಅದನ್ನೇ ಹೇಳ್ತಾರೆ. ನಂಗೆ ಆಧಾರ ಬೇಕು” ಎಂದಳು. ಆದರೂ ನೋಟ್‌ಬುಕ್ಕು ತೆಗೆದುಕೊಂಡು ಓದತೊಡಗಿದಳು. ಬೂಟಿನ ಕಡೆ ಬಂದಾಗ ನಕ್ಕಳು. ಅಜ್ಜಿಯ ಮಾತಿನ ಹತ್ತಿರ ಬಂದಾಗ ಓದುವುದನ್ನು ನಿಲ್ಲಿಸಿದಳು.

“ಏನು ಕೇಳಿದಳಂತೆ? ಇನ್ನೊಂದು ಸಲ ಹೇಳಿ.”

“ಏನಿತ್ತು, ಏನು ಬೇಕಿತ್ತು.”

ಅಧಿಕಾರಿ ಕಂಪ್ಯೂಟರಿನ ಕಡೆ ತಿರುಗಿದಳು. ಚೌಕಟ್ಟು ಹಾಕಿಸುವ ಮುಂಚೆ ಪ್ರತಿ ಫೋಟೊದ ಬೆನ್ನನ್ನೂ ಚಿತ್ರ ತೆಗೆದಿಟ್ಟಿದ್ದಳು. ಗಿರಣಿಯ ಫೋಟೊದ ಬೆನ್ನು ಪರದೆಯ ಮೇಲೆ ಬಂತು. ದುಂಡನೆಯ ಪೆನ್ಸಿಲ್ ಅಕ್ಷರ. ಮೊದಲ ಸಾಲಿನಲ್ಲಿ ‘ಇ: ಬೂದಿ, ಎಲ್ಲರೂ’. ಎರಡನೆಯ ಸಾಲಿನಲ್ಲಿ ‘ಬೇ:’ ಎಂದು ಬರೆದು ಹದಿನೇಳು ಬಣ್ಣಗಳ ಹೆಸರು. ಕೊನೆಯದು ಮತ್ತೆ ಬೂದಿ, ಅದರ ಕೆಳಗೆ ಒಂದು ಅಡ್ಡಗೆರೆ.

“ನಾನಿದನ್ನ ‘ಇತ್ತು’, ‘ಬೇಕಿತ್ತು’ ಅನ್ನೋ ಬದಲು ‘ಇಡೀ’, ‘ಬೇರೆ’ ಅಂತ ಓದ್ಕೊಂಡಿದ್ದೆ” ಎಂದಳು ಅಧಿಕಾರಿ. “ಮೊದಲು ಇಡೀ ಚಿತ್ರಕ್ಕೆ ಬೂದಿ ಹಚ್ಚಿ, ಆಮೇಲೆ ಬೇರೆ ಬಣ್ಣ ಹಚ್ಚೋದು ಇವರ ವಿಧಾನ ಅಂತ. ಪುಸ್ತಕದಲ್ಲಿ ಅದಕ್ಕೇ ಆರು ಪುಟ ಬರೆದಿದೀನಿ.” ಒಂದರ ಹಿಂದೊಂದು ಬೆನ್ನುಗಳನ್ನು ತೆರೆದಳು. ‘ಇ: ಕಂದು. ಬೇ: ನೀಲಿ. ಬೂಟು, ಲೇಸು ಬೇಡ.’ ‘ಇ: ಇಲ್ಲ. ಬೇ: ಗಡಿಯಾರ.’ ಎಲ್ಲವೂ ಒಂದೇ ಕೈಬರಹ. ಅಂಗೈಯಿಂದ ಹಣೆ ಒತ್ತಿಕೊಂಡಳು. “ಜನ ಏನು ತೊಟ್ಟಿದ್ರು ಅಂತ ತೋರಿಸೋಕೆ ಹೋಗಿ, ಅವರ ಹತ್ರ ಏನಿರ್ಲಿಲ್ವೋ ಅದನ್ನ ಗೋಡೆಗೆ ಹಾಕಿದೀನಿ. ಉದ್ಘಾಟನೆ ದಿನ ಭಾಷಣ ಬೇರೆ ಮಾಡಿದೆ.”

“ಹೊರಗೆ ಬೆಳಕಿದೆ ಮೇಡಂ. ಮನೆಗೆ ಹೋಗಿ. ನಾಳೆ ನೋಡಿದ್ರಾಯ್ತು” ಎಂದಳು ಕುರ್ಚಿಯಕ್ಕ.

ನಾಳೆ ಬಂದದ್ದು ಸ್ಟುಡಿಯೊ ಮಾಲೀಕನ ಮಗ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಗಟ್ಟಿ ಆಳು. ಅಧಿಕಾರಿ ಫೋನಿನಲ್ಲಿ ವಿಷಯ ತಿಳಿಸಿದ್ದಳು, ಅವನು ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ದುಸುದುಸು ಎನ್ನುತ್ತ ಬಂದಿದ್ದ.

“ಪೆಟ್ಟಿಗೆ ಹೊತ್ತು ತಂದುಕೊಟ್ಟೋನು ನಾನು. ಈಗ ನಮ್ಮಪ್ಪನ ಹೆಸರೇ ಅಳಿಸ್ತೀರಾ? ಅವಳು ಸಹಾಯಕ್ಕಿದ್ದೋಳು. ಅಪ್ಪ ಹೇಳಿದ ಬಣ್ಣ ಹಚ್ತಿದ್ದಳು, ಅಷ್ಟೇ. ಮೇಸ್ತ್ರಿ ಮನೆ ಕಟ್ಟಿದ್ರೆ ಇಟ್ಟಿಗೆ ಹೊತ್ತೋರ ಹೆಸರು ಬರೀತಾರಾ?”

ಅಧಿಕಾರಿ ಕೈಬರಹದ ಮಾತೆತ್ತಿದಳು. ಅಪ್ಪ ಹೇಳಿದ್ದನ್ನು ಅವಳು ಬರೆದುಕೊಂಡಿರಬಹುದು ಎಂದ ಅವನು. ಹತ್ತು ನಿಮಿಷ ಮಾತು ಹೀಗೇ ಹಗ್ಗ ಜಗ್ಗಿತು. ಬಾಗಿಲ ಬಳಿ ನಿಂತಿದ್ದ ಕುರ್ಚಿಯಕ್ಕನಿಗೆ ವಾದ ಮಾಡುವ ಇರಾದೆ ಇರಲಿಲ್ಲ. ಆ ಹಿಂದಿನ ಕೋಣೆ ಹೇಗಿತ್ತೆಂದು ಒಂದು ತಿಂಗಳಿಂದ ಅವಳಿಗೆ ಕುತೂಹಲ, ಅಷ್ಟೇ.

“ಅಣ್ಣಾ, ಆ ಕೋಣೇಲಿ ನಿಮ್ಮಪ್ಪ ಎಲ್ಲಿ ಕೂರ್ತಿದ್ರು?” ಎಂದು ಕೇಳಿದಳು.

“ಆ ಕೋಣೇಲಾ? ಅಪ್ಪ ಅಲ್ಲಿಗೆ ಕಾಲೇ ಇಡ್ತಿರ್ಲಿಲ್ಲ. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದ್ರೆ ಸಾಕು, ಎಣಿಸಿ ಇಪ್ಪತ್ತು ಸೀನು. ಕಣ್ಣೆಲ್ಲ ಊದ್ಕೊಳ್ಳೋದು. ಕರವಸ್ತ್ರ ಮೂಗಿಗೆ ಹಿಡ್ಕೊಂಡು ಬಾಗಿಲಿಂದ ಆಚೆ ನಿಂತು ಫೋಟೊ ಒಳಗೆ ತಳ್ಳೋರು, ಅವಳು ಮುಗಿಸಿ ಒಣಗಿಸಿದ ಮೇಲೇನೇ...”

ಅಲ್ಲಿಗೆ ಮಾತು ನಿಂತಿತು. ಅವನು ಕುರ್ಚಿ ಎಳೆದು ಕೂತ.

“ಅಪ್ಪ ಸುಳ್ಳು ಹೇಳ್ದೋರಲ್ಲ” ಎಂದ, ದನಿ ತಗ್ಗಿಸಿ. “ಬಣ್ಣ ನಾನು ಹಚ್ಚಿದ್ದು ಅಂತ ಯಾವತ್ತೂ ಅಂದಿಲ್ಲ. ನಾನೂ ಕೇಳಿಲ್ಲ. ಸ್ಟುಡಿಯೊ ನಮ್ದು, ಅಂದ್ಮೇಲೆ ಬಣ್ಣನೂ ನಮ್ದೇ ಅಂದ್ಕೊಂಡಿದ್ದೆ.” ಆಮೇಲೆ ನಕ್ಕ. “ನನ್ನ ಶಾಲೆ ಫೋಟೊ ಬಂದಾಗ ಯಾವ ಬಣ್ಣ ಬೇಕೋ ಅಂತ ಕೇಳಿದ್ದಳು. ಹುಲಿಪಟ್ಟೆ ಅಂದೆ. ಹಚ್ಚಿಕೊಟ್ಟಳು, ಅಂಗಿ ಚಡ್ಡಿ ಎಲ್ಲ ಹುಲಿಪಟ್ಟೆ. ಅಪ್ಪ ಇಬ್ಬರಿಗೂ ಬೈದು ಹರಿದುಹಾಕಿದ್ರು.”

ಹೊರಡುವಾಗ ಅಪ್ಪನ ಚಿತ್ರವನ್ನು ತೆಗೆಯಬೇಡಿ, ಬೇಕಾದರೆ ಪಕ್ಕಕ್ಕೆ ಸರಿಸಿ ಎಂದು ಕೇಳಿಕೊಂಡ. ಬಣ್ಣದಕ್ಕ ತೀರಿಕೊಂಡು ಒಂಬತ್ತು ವರ್ಷವಾಯಿತೆಂದೂ, ತಂಗಿಯೊಬ್ಬಳು ಇದ್ದಾಳೆಂದೂ, ಕನ್ನಡಕಕ್ಕೆ ತನ್ನ ಅಂಗಡಿಗೇ ಬರುತ್ತಾಳೆಂದೂ ಹೇಳಿ ವಿಳಾಸ ಬರೆದುಕೊಟ್ಟ.

ತಂಗಿ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಜೀವನವಿಡೀ ಬಟ್ಟೆ ಹೊಲಿದವಳು, ಎಂಬತ್ತರ ಹತ್ತಿರದ ವಯಸ್ಸು. ಹೊಲಿಗೆ ಯಂತ್ರದ ಮೇಲೆ ಈಗ ಔಷಧಿ ಬಾಟಲಿಗಳಿದ್ದವು. ಅಧಿಕಾರಿಯನ್ನೂ ಕುರ್ಚಿಯಕ್ಕನನ್ನೂ ಕೂರಿಸಿ, ಕೇಳಿದ್ದಕ್ಕೆ ಕತ್ತರಿ ಹಾಕಿದ ಹಾಗೆ ಉತ್ತರ ಕೊಟ್ಟಳು. ಅಕ್ಕ ಕೆಲಸವನ್ನು ಯಾರಿಂದಲೂ ಕಲಿಯಲಿಲ್ಲ. ಬಣ್ಣದ ಡಬ್ಬಿಯ ಜೊತೆ ಬಂದ ಚೀಟಿ ಓದಿ ಕಲಿತಳು. ಹತ್ತೊಂಬತ್ತು ವರ್ಷ ಆ ಕೋಣೆಯಲ್ಲಿ ಕೂತಳು. ಆಮೇಲೆ ಬಣ್ಣದ ಫಿಲ್ಮು ಬಂತು, ಒಂದು ಸೋಮವಾರ ಇನ್ನು ಬರುವುದು ಬೇಡ ಎಂದರು, ಬಿಟ್ಟಳು. ಗುಂಡಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು.

“ಅಲ್ಲೇನು ಕೆಲಸ?” ಎಂದು ಕೇಳಿದಳು ಅಧಿಕಾರಿ.

“ಅಂಗಿ ಗುಂಡೀನ ಬಣ್ಣ ನೋಡಿ ಬೇರೆಬೇರೆ ಡಬ್ಬಕ್ಕೆ ಹಾಕೋದು. ಹದಿನಾಲ್ಕು ವರ್ಷ. ಬಿಳಿ ಒಂದರಲ್ಲೇ ಐದು ಥರ ಇದೆ ಅಂತಿದ್ದಳು. ಮೇಲ್ವಿಚಾರಕನಿಗೆ ಎರಡೇ ಕಾಣ್ತಿತ್ತಂತೆ. ದಿನಾ ಜಗಳ.”

“ಸ್ಟುಡಿಯೊ ಬಿಟ್ಟಾಗ ಬೇಜಾರು ಮಾಡ್ಕೊಂಡ್ರಾ?”

“ಮಾಡ್ಕೊಳ್ದೆ ಇರ್ತಾಳಾ? ಹಾಗಂತ ಅಳ್ತಾ ಕೂರೋಕೆ ಆಗತ್ತಾ? ಮಾರನೇ ದಿನ ನೀರು ಹಿಡೀಬೇಕಿತ್ತು, ಅಡುಗೆ ಆಗ್ಬೇಕಿತ್ತು.”

ಗೋಡೆಯ ಮೇಲೆ ಒಂದೇ ಫೋಟೊ ಇತ್ತು, ಕಪ್ಪುಬಿಳುಪಿನದು. ಸ್ಟುಡಿಯೊದ ಹಿಂಬಾಗಿಲಲ್ಲಿ, ಕಲೆಕಲೆಯಾದ ಮೇಲಂಗಿ ತೊಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಸಣಕಲು ಹೆಂಗಸು. ಪ್ರದರ್ಶನಕ್ಕೆ ಕೊಡುವಿರಾ ಎಂದು ಅಧಿಕಾರಿ ಬಲು ನಯವಾಗಿ ಕೇಳಿದಳು.

“ಕೊಡಲ್ಲ. ಬದುಕಿದ್ದಾಗ ಕಾಣದ ಕಣ್ಣು ಈಗೇನು ನೋಡೋದು?”

ಅಧಿಕಾರಿ ಇನ್ನೆರಡು ಸಲ ಕೇಳಿದಳು. ತಂಗಿ ಜಪ್ಪಯ್ಯ ಅನ್ನಲಿಲ್ಲ. ಮೆಟ್ಟಿಲಿಳಿಯುವಾಗ ಕುರ್ಚಿಯಕ್ಕ ಹಿಂದೆ ಉಳಿದು ಹೇಳಿದಳು, “ಅಮ್ಮಾ, ಕೊಡೋದು ಬೇಡ. ಆದ್ರೆ ಒಂದು ಸಲ ಬಂದು ನೋಡಿ. ಕೂರೋಕೆ ನನ್ನ ಕುರ್ಚಿ ಇದೆ.”

ಮುಂದಿನ ಬುಧವಾರ ತಂಗಿ ಒಬ್ಬಳೇ ಬಂದಳು. ಎಂಬತ್ನಾಲ್ಕು ಫೋಟೊಗಳನ್ನೂ ಒಂದೊಂದಾಗಿ ನೋಡಿದಳು. ಮೂರು ಕಡೆ ಬಣ್ಣಕ್ಕಿಂತ ಮೊದಲು ಹೊಲಿಗೆಯಲ್ಲಿ ತಪ್ಪು ಹಿಡಿದಳು. ಆಮೇಲೆ ಮರದ ಕುರ್ಚಿಯಲ್ಲಿ ಕೂತಳು. ಕುರ್ಚಿಯಕ್ಕ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮಧ್ಯಾಹ್ನವಿಡೀ ನಿಂತೇ ಇದ್ದಳು. ಅಷ್ಟರಲ್ಲಿ ಒಂದು ಕುಟುಂಬ ಬಂತು, ಅಜ್ಜ, ಸೊಸೆ, ಇಬ್ಬರು ಹೆಣ್ಣುಮಕ್ಕಳು. ಅಜ್ಜ ಬೋಳುತಲೆಗೆ ಕೂದಲು ಬಂದ ಚಿತ್ರದ ಮುಂದೆ ನಿಂತು, “ಇದು ಬಣ್ಣದಕ್ಕನ ಕೈ ಕಣೇ. ನಮ್ಮ ಮನೇಲಿ ಇನ್ನೊಂದಿತ್ತು, ನೆರೆ ಬಂದಾಗ ಹೋಯ್ತು” ಎಂದು ಸೊಸೆಗೆ ಹೇಳಿದ. ಹೇಳುತ್ತ ಹೇಳುತ್ತ ಆ ಕೋಣೆ, ಆ ವಾಸನೆ, ಅವಳು ಕೇಳುತ್ತಿದ್ದ ರೀತಿ ಎಲ್ಲವನ್ನೂ ಬಿಡಿಸಿಟ್ಟ. ತನ್ನ ಬೆನ್ನ ಹಿಂದೆ ಕೂತಿರುವವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅವರು ಹೋದ ಮೇಲೆ ಕುರ್ಚಿಯ ಕೈ ಹಿಡಿದು ಎದ್ದಳು.

“ಪ್ರದರ್ಶನ ಮುಗಿಯೋ ತನಕ ಕೊಡ್ತೀನಿ. ಮುಗಿದ ದಿನಾನೇ ವಾಪಸ್ ಬೇಕು. ಒಂದು ಗೀರೂ ಬೀಳಬಾರದು.”

ಫಲಕಗಳನ್ನೆಲ್ಲ ಹೊಸದಾಗಿ ಮಾಡಬೇಕಾಯಿತು. ಅಧಿಕಾರಿ ಮೇಲಿನವರಿಗೆ ಉದ್ದದ ಪತ್ರ ಬರೆದು ತಪ್ಪನ್ನು ತಾನೇ ಒಪ್ಪಿಕೊಂಡಳು. ಪುಸ್ತಕದೊಳಗೆ ಇಡಲು ನಾಲ್ಕು ಪುಟದ ತಿದ್ದುಪಡಿ ಅಚ್ಚಾಯಿತು. ಫಲಕ ಮಾಡುವ ಮುದ್ರಣದವನು ಬಣ್ಣದಕ್ಕನ ಫೋಟೊ ನೋಡಿದವನೇ, ಇಷ್ಟು ಬಣ್ಣದ ನಡುವೆ ಇದೊಂದು ಕಪ್ಪುಬಿಳುಪು ಮಂಕಾಗಿ ಕಾಣುತ್ತದೆ ಎಂದ. ಕಂಪ್ಯೂಟರಿನಲ್ಲಿ ಎರಡೇ ನಿಮಿಷದಲ್ಲಿ ಬಣ್ಣ ತುಂಬಿ ತೋರಿಸಿದ. ಮೇಲಂಗಿ ತಿಳಿನೀಲಿ, ಕೆನ್ನೆ ಗುಲಾಬಿ, ಹಿಂದಿನ ಬಾಗಿಲು ಹಸಿರು. ಚೆನ್ನಾಗಿಯೇ ಇತ್ತು. ಅಧಿಕಾರಿಯ ಮುಖ ಅರಳಿತು. “ಹೇಗಿದೆ ಅಕ್ಕಾ?”

“ಚೆನ್ನಾಗಿದೆ ಮೇಡಂ. ಆದ್ರೆ ಬೇಡ.”

“ಯಾಕೆ?”

“ಆಯಮ್ಮ ಯಾರಿಗೂ ಕೇಳದೆ ಹಚ್ಚಿಲ್ಲ. ನಾವು ಯಾರನ್ನ ಕೇಳೋದು?”

ಮುದ್ರಣದವನು ನಕ್ಕ. ಅಧಿಕಾರಿ ನಗಲಿಲ್ಲ, ತಂಗಿಗೆ ಫೋನು ಮಾಡಿದಳು. ತಂಗಿಯ ದನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. “ಅವಳೇ ಎಷ್ಟು ಸಲ ಹಚ್ಚೋಕೆ ಕೂತಿದ್ದಳು ಗೊತ್ತಾ? ಬಣ್ಣ ಕಲೆಸೋಳು, ನೋಡೋಳು, ಒರೆಸಿ ಹಾಕೋಳು. ಅವಳದೇ ಬಣ್ಣ ಅವಳಿಗೆ ತೀರ್ಮಾನ ಆಗ್ಲಿಲ್ಲ. ಸುಮ್ನೆ ಬಿಡಿ.”

ಬಿಟ್ಟರು. ಸ್ಟುಡಿಯೊ ಮಾಲೀಕನ ಚಿತ್ರ ಎಡಕ್ಕೆ ಸರಿಯಿತು, ಅದರ ಕೆಳಗೆ ಛಾಯಾಗ್ರಾಹಕ ಎಂದಷ್ಟೇ ಉಳಿಯಿತು. ಬಲಕ್ಕೆ, ಅಷ್ಟೇ ಎತ್ತರದಲ್ಲಿ, ಕಪ್ಪುಬಿಳುಪಿನ ಬಣ್ಣದಕ್ಕ. ಪ್ರದರ್ಶನಕ್ಕೆ ‘ಏನಿತ್ತು, ಏನು ಬೇಕಿತ್ತು’ ಎಂದು ಹೆಸರು ಬದಲಾಯಿತು. ಪ್ರತಿ ಫೋಟೊದ ಪಕ್ಕದಲ್ಲೂ ಅದರ ಬೆನ್ನಿನ ಪೆನ್ಸಿಲ್ ಬರಹದ ಚಿತ್ರ ಅಂಟಿಸಿದರು, ಕುರ್ಚಿಯಕ್ಕನ ನೋಟ್‌ಬುಕ್ಕಿನಿಂದ ಜನರ ಮಾತುಗಳನ್ನೂ ಆರಿಸಿ ಹಾಕಿದರು. ಕಾವಲಿನವರು ಮಾತಾಡಬಹುದು ಎಂದು ಸುತ್ತೋಲೆಯೂ ಬಂತು. ಎರಡನೆಯ ಕೋಣೆಯ ಕಾವಲಿನವನಿಗೆ ಅದು ಹಿಡಿಸಲಿಲ್ಲ. ಅವನ ಕೋಣೆಯಲ್ಲಿ ಇದ್ದದ್ದೆಲ್ಲ ಬಂಡೆಕಲ್ಲುಗಳು. “ಇವುಗಳ ಬಗ್ಗೆ ಏನು ಮಾತಾಡ್ಲಿ?” ಎಂದು ಗೊಣಗಿದ.

ಹಳದಿ ಅಂಗಿಯ ಅಜ್ಜಿ ಮತ್ತೆ ಬಂದಳು, ಹದಿನೇಳರಲ್ಲಿ ಉಳಿದಿದ್ದ ಇನ್ನಿಬ್ಬರನ್ನು ಕರೆದುಕೊಂಡು. ಬೂದಿಯವಳು ಉಳಿದಿರಲಿಲ್ಲ. ಆದರೆ ಅವಳ ಮಗಳು ಬಂದಿದ್ದಳು. ಬೂದಿಯನ್ನು ತಾನೇ ಆರಿಸಿದ್ದೆಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳೆಂದು ಇಷ್ಟು ದಿನ ಅಂದುಕೊಂಡಿದ್ದೆ ಎನ್ನುತ್ತ ಆ ಫೋಟೊದ ಮುಂದೆ ಬಹಳ ಹೊತ್ತು ನಿಂತಳು. ಕನ್ನಡಕದ ಅಂಗಡಿಯವನು ಭಾನುವಾರಗಳಂದು ತನ್ನ ಮೊಮ್ಮಕ್ಕಳಿಗೆ ತೋರಿಸಲು ಬರುತ್ತಿದ್ದ. ಎರಡು ತಿಂಗಳ ಪ್ರದರ್ಶನ ಐದು ತಿಂಗಳು ನಡೆಯಿತು. ಜನ ತಮ್ಮ ಮನೆಗಳಿಂದ ಇನ್ನೂ ಮೂವತ್ತೆಂಟು ಫೋಟೊ ತಂದು ತೋರಿಸಿದರು. ಬೆನ್ನು ತಿರುಗಿಸಿದರೆ ಎಲ್ಲದರ ಮೇಲೂ ಅದೇ ದುಂಡಕ್ಷರ.

ಮುಗಿದ ದಿನ ಕೊಟ್ಟ ಮಾತಿನಂತೆ ಫೋಟೊ ವಾಪಸ್ಸು ಹೋಗಬೇಕಾಗಿತ್ತು. ಕಾರಿನಲ್ಲಿ ಕಳಿಸುತ್ತೇನೆಂದು ಅಧಿಕಾರಿ ಹೇಳಿದರೂ, ಒಯ್ಯಲು ತಾನೇ ಬಂದಿದ್ದ ತಂಗಿ ಒಪ್ಪಲಿಲ್ಲ, ತನಗೆ ಬಸ್ಸೇ ಆಗುವುದೆಂದಳು. ಟವೆಲಿನಲ್ಲಿ ಸುತ್ತಿದ ಚೌಕಟ್ಟನ್ನು ಕುರ್ಚಿಯಕ್ಕ ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತಳು. ದಾರಿಯುದ್ದಕ್ಕೂ ಇಬ್ಬರೂ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಮಾತಾಡಿದರು. ಮನೆಯಲ್ಲಿ ತಂಗಿ ಸ್ಟೂಲು ಹಿಡಿದುಕೊಂಡಳು, ಕುರ್ಚಿಯಕ್ಕ ಹತ್ತಿ ಫೋಟೊವನ್ನು ಮೊಳೆಗೆ ಹಾಕಿದಳು.

“ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಹಾಂ, ಸರಿ.”

ಗೋಡೆಯ ಮೇಲೆ ತಿಂಗಳುಗಟ್ಟಲೆ ಖಾಲಿ ಇದ್ದ ಜಾಗ ಮತ್ತೆ ಮುಚ್ಚಿತು. ತಂಗಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಅಲ್ಲಿ ಅಷ್ಟು ಜನ ಇರ್ತಿದ್ರು, ಇವಳಿಗೆ ಇಲ್ಲಿ ಬೇಜಾರಾಗತ್ತೇನೋ” ಎಂದಳು. ಆಮೇಲೆ ಒಲೆಯ ಕಡೆ ನಡೆದಳು. “ಟೀ ಇಡ್ತೀನಿ. ಕುಡ್ಕೊಂಡು ಹೋಗು.”

ಕುರ್ಚಿಯಕ್ಕ ಔಷಧಿ ಬಾಟಲಿಗಳನ್ನು ಸ್ವಲ್ಪ ಆಚೆ ಸರಿಸಿ ಹೊಲಿಗೆ ಯಂತ್ರದ ಪಕ್ಕ ಕೂತಳು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು.